ನಾಲ್ಕು ಪಟ್ಟಿಯ ಕಿತ್ತಳೆ ಜಾಕೆಟ್: ಬೋಟ್ ಮೆಕ್ಯಾನಿಕ್ ಒಬ್ಬನ ಅನುಭವ

ಕುಶಾಲನಗರದಲ್ಲಿ ನನ್ನದು ಸಣ್ಣ ವರ್ಕ್‌ಶಾಪ್. ಕಾಫಿ ತೋಟದ ಪಂಪ್‌ಸೆಟ್, ಸ್ಪ್ರೇಯರ್, ಕಳೆ ಕೊಚ್ಚುವ ಮಿಷನ್, ಪಲ್ಪರ್ ಮೋಟಾರ್, ಇವೇ ನಮ್ಮ ಹೊಟ್ಟೆಪಾಡು. ಜೊತೆಗೆ ಬೋಟಿನ ಹಿಂಬದಿಗೆ ಹೊರಗಡೆ ಕೂರಿಸುವ ಔಟ್‌ಬೋರ್ಡ್ ಎಂಜಿನ್ ರಿಪೇರಿಯನ್ನೂ ಮಾಡುತ್ತೇನೆ. ಈ ಕಡೆ ಆ ಕೆಲಸ ಗೊತ್ತಿರುವವರು ಕಮ್ಮಿ. ಹಾಗಾಗಿ ಮಳೆ ನಿಂತು ಪ್ರವಾಸಿಗರು ಬರಲು ಶುರುವಾದರೆ ನನಗೂ ಕರೆ ಜಾಸ್ತಿ.

ಇವತ್ತು ಬರೆಯುತ್ತಿರುವುದು ನಾನು ಒಂದು ವರ್ಷದ ಮೇಲೆ ಬಳಸಿದ ಲೈಫ್ ಜಾಕೆಟ್ ಬಗ್ಗೆ. ಒಳಗೆ ಫೋಮ್ ಇರುವ, ಎದೆಗೆ ನಾಲ್ಕು ಬೆಲ್ಟ್ ಪಟ್ಟಿ ಬರುವ, ಕಿತ್ತಳೆ ಬಣ್ಣದ್ದು. 50 ನ್ಯೂಟನ್ ಅಂತ ಲೇಬಲ್ ಇದೆ, ಅದು ನೀರಿನಲ್ಲಿ ಮೇಲೆ ಎತ್ತುವ ಶಕ್ತಿಯ ಅಳತೆ. ನಾನು ಕೊಟ್ಟ ಬೆಲೆ 2,900 ರೂಪಾಯಿ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಂಪನಿ ಹೆಸರು ಬರೆಯುವುದಿಲ್ಲ. ಇಂಥ ಜಾಕೆಟ್ ಬೇರೆ ಬೇರೆ ಕಂಪನಿಯವರು ಮಾಡುತ್ತಾರೆ. ಹೆಸರಿಗಿಂತ ಒಳಗೆ ಹೊಲಿದ ಲೇಬಲ್ ಓದಿ ಕೊಳ್ಳುವುದು ಮುಖ್ಯ. ಏನು ಓದಬೇಕು ಅಂತ ಮುಂದೆ ಹೇಳುತ್ತೇನೆ.

ಮೊದಲು, ನಾನು ಯಾಕೆ ಕೊಂಡೆ ಅನ್ನುವುದನ್ನು ಹೇಳಬೇಕು.

2024ರ ನವೆಂಬರ್. ಹಿನ್ನೀರು ತುಂಬಿ ನಿಂತಿತ್ತು. ಒಬ್ಬ ಬೋಟಿನವರು ಕರೆದರು. ಯಾರು, ಯಾವ ನೀರು ಅನ್ನುವುದು ಇಲ್ಲಿ ಬೇಡ. 14 ಅಡಿಯ ಫೈಬರ್ ಬೋಟ್, 40 ಹೆಚ್‌ಪಿ ಎಂಜಿನ್. ಎರಡು ರೌಂಡ್ ಹೊಡೆದರೆ ಎಂಜಿನ್ ಕಾಯುತ್ತದೆ ಅಂತ ದೂರು. ಬಿಚ್ಚಿ ನೋಡಿದರೆ ನೀರು ಎಳೆಯುವ ಇಂಪೆಲ್ಲರ್‌ನ ರಬ್ಬರ್ ರೆಕ್ಕೆ ಎರಡು ಹರಿದಿದ್ದವು. ಹೊಸದು ಹಾಕಿದೆ. ಆಮೇಲೆ ಟ್ರಯಲ್ ನೋಡಬೇಕಲ್ವಾ, ಹೊರಟೆ. ಜೊತೆಗೆ ಅಕ್ಕನ ಮಗ. ಐಟಿಐ ಮುಗಿಸಿ ನನ್ನ ಹತ್ತಿರ ಕೆಲಸ ಕಲಿಯುತ್ತಿದ್ದಾನೆ. ಅವನಿಗೆ ಈಜು ಬರುವುದಿಲ್ಲ, ಅದಕ್ಕೆ ಜಾಕೆಟ್ ಹಾಕಿಸಿದ್ದೆ. ನನ್ನ ಪಾಲಿನ ಜಾಕೆಟ್ ನನ್ನ ಕೆಳಗಿತ್ತು. ಹಲಗೆ ಒತ್ತುತ್ತದೆ ಅಂತ ಅದರ ಮೇಲೆ ಕೂತಿದ್ದೆ.

ಔಟ್‌ಬೋರ್ಡ್ ಎಂಜಿನ್ ಸರಿಯಾಗಿ ನೀರು ಎಳೆಯುತ್ತಿದ್ದರೆ ಅದರ ಪಕ್ಕದಿಂದ ಬೆರಳು ಗಾತ್ರದ ಒಂದು ನೀರಿನ ಎಳೆ ಚಿಮ್ಮುತ್ತಿರುತ್ತದೆ. ಅದನ್ನು ಮುಟ್ಟಿ ನೋಡುವುದು ಮೆಕ್ಯಾನಿಕ್ಕುಗಳ ಅಭ್ಯಾಸ. ಉಗುರುಬೆಚ್ಚಗಿದ್ದರೆ ಸರಿ, ಕೈ ಸುಟ್ಟರೆ ತೊಂದರೆ. ಪೂರ್ತಿ ವೇಗದಲ್ಲಿ ಹೋಗುವಾಗ ನಾನು ಹಿಂದಕ್ಕೆ ಬಾಗಿ ಅದನ್ನು ಮುಟ್ಟಲು ಹೋದೆ. ಅದೇ ಹೊತ್ತಿಗೆ ಬೋಟು ತಾನೇ ಎಬ್ಬಿಸಿದ್ದ ಅಲೆಯ ಮೇಲೆ ಹಾರಿತು. ಕೈಯಿಂದ ಎಂಜಿನ್ ಹಿಡಿಕೆ ಜಾರಿತು. ಹಿಡಿಕೆ ಬಿಟ್ಟರೆ ಎಂಜಿನ್ ತಾನೇ ಒಂದು ಕಡೆ ತಿರುಗಿಬಿಡುತ್ತದೆ. ಬೋಟು ಗಕ್ಕನೆ ಹೊರಳಿತು. ನಾನು ನೀರಿನಲ್ಲಿದ್ದೆ.

ನಾನು ಕಾವೇರಿಯಲ್ಲಿ ಈಜು ಕಲಿತವನು. ಕಣಿವೆ ಅನ್ನುವ ಊರಿನ ತೂಗುಸೇತುವೆ ಹತ್ತಿರ ಈ ದಡದಿಂದ ಆ ದಡಕ್ಕೆ ಹೋಗಿ ಬರುತ್ತಿದ್ದೆವು. ನೀರೆಂದರೆ ಭಯ ಇರಲಿಲ್ಲ. ಆದರೆ ಅವತ್ತು ಕೈ ಆಡಲಿಲ್ಲ. ಎಡಪಕ್ಕೆ ನೀರಿಗೆ ಅಪ್ಪಳಿಸಿ ಉಸಿರು ಪೂರ್ತಿ ಹೊರಗೆ ಹೋಗಿತ್ತು. ಒಳಗೆ ಎಳೆದುಕೊಂಡ ಮೊದಲ ಉಸಿರಿಗೆ ಗಾಳಿಯ ಜೊತೆ ನೀರೂ ಬಂತು. ಪ್ಯಾಂಟಿನ ಜೇಬಿನಲ್ಲಿ ಎರಡು ಸ್ಪ್ಯಾನರ್, ಕಾಲಲ್ಲಿ ಶೂ. ಈಜು ಬರುವುದು ಬೇರೆ, ಪಕ್ಕೆಲುಬು ಬಿರುಕು ಬಿಟ್ಟು ಉಸಿರು ಸಿಗದೆ ಇರುವಾಗ ಈಜುವುದು ಬೇರೆ. ಅದು ನನಗೆ ಆ ಅರ್ಧ ನಿಮಿಷದಲ್ಲಿ ಗೊತ್ತಾಯಿತು.

ಇನ್ನೂ ಕೆಟ್ಟದ್ದು ಬಾಕಿ ಇತ್ತು. ಬೋಟು ನಿಂತಿರಲಿಲ್ಲ. ಡ್ರೈವರ್ ಇಲ್ಲದ ಬೋಟು ಅದೇ ವೇಗದಲ್ಲಿ ಗಾಣದ ಎತ್ತಿನ ಹಾಗೆ ಸುತ್ತತೊಡಗುತ್ತದೆ. ಬಿದ್ದವನು ಆ ಸುತ್ತಿನ ಒಳಗೇ ಇರುತ್ತಾನೆ. ಹಿಂದೆ ಪ್ರೊಪೆಲ್ಲರ್ ತಿರುಗುತ್ತಿರುತ್ತದೆ. ಒಂದು ಸಲ ನನ್ನ ಪಕ್ಕದಲ್ಲೇ ಹೋಯಿತು, ಎರಡು ಮಾರು ದೂರ ಇರಬಹುದು. ಹುಡುಗ ಮುಂದುಗಡೆಯಿಂದ ತೆವಳಿಕೊಂಡು ಬಂದು ಕೆಂಪು ಹಗ್ಗ ಕಿತ್ತ. ಎಂಜಿನ್ ನಿಂತಿತು. "ಮಾವಾ, ಇದನ್ನ ಹಿಡ್ಕೊಳ್ಳಿ" ಅಂತ ನಾನು ಕೂತಿದ್ದ ಜಾಕೆಟ್ಟನ್ನೇ ಎಸೆದ. ಅದನ್ನು ಎದೆಗೆ ಅವುಚಿಕೊಂಡು ಬದುಕಿದೆ.

ಆ ಕೆಂಪು ಹಗ್ಗದ ವಿಷಯ ಹೇಳದಿದ್ದರೆ ಈ ರಿವ್ಯೂ ಅರ್ಧ. ಅದಕ್ಕೆ ಕಿಲ್ ಸ್ವಿಚ್ ಹಗ್ಗ ಅನ್ನುತ್ತಾರೆ. ಒಂದು ತುದಿ ಎಂಜಿನ್ ಸ್ವಿಚ್ಚಿಗೆ ಸಿಕ್ಕಿಸಿರುತ್ತದೆ. ಇನ್ನೊಂದು ತುದಿ ಓಡಿಸುವವನ ಮಣಿಕಟ್ಟಿಗೋ ತೊಡೆಗೋ ಜಾಕೆಟ್ಟಿಗೋ ಸೇರಿರಬೇಕು. ಅವನು ಬಿದ್ದರೆ ಹಗ್ಗ ಕಿತ್ತು ಬರುತ್ತದೆ, ಎಂಜಿನ್ ಆಫ್. ಅಷ್ಟೇ ಸರಳ. ನಮ್ಮದು ಸುಮ್ನೆ ನೇತಾಡುತ್ತಿತ್ತು. ಇಂಗ್ಲೆಂಡಿನ ಪ್ಯಾಡ್‌ಸ್ಟೋ ಹತ್ತಿರ 2013ರ ಮೇ ತಿಂಗಳಲ್ಲಿ ಒಂದು ಕುಟುಂಬ ಸ್ಪೀಡ್‌ಬೋಟಿನಿಂದ ನೀರಿಗೆ ಬಿದ್ದು, ಖಾಲಿ ಬೋಟು ಸುತ್ತು ಹೊಡೆದು ಅವರ ಮೇಲೆಯೇ ಹರಿದಿತ್ತು. ತಂದೆ ಮತ್ತು ಒಬ್ಬ ಮಗಳು ತೀರಿಕೊಂಡರು. ಅಲ್ಲೂ ಹಗ್ಗ ಯಾರ ಮೈಗೂ ಸಿಕ್ಕಿಸಿರಲಿಲ್ಲ. ಅಮೆರಿಕದಲ್ಲಿ 2021ರ ಏಪ್ರಿಲ್ 1ರಿಂದ 26 ಅಡಿಗಿಂತ ಚಿಕ್ಕ ಬೋಟು ವೇಗವಾಗಿ ಓಡಿಸುವವರು ಇದನ್ನು ಸಿಕ್ಕಿಸಿಕೊಳ್ಳಲೇಬೇಕು ಅಂತ ಕಾನೂನು ಬಂತು. ಜಾಕೆಟ್ ಮತ್ತು ಹಗ್ಗ ಎರಡೂ ಬೇಕು. ಹಗ್ಗ ಬೋಟನ್ನು ನಿಲ್ಲಿಸುತ್ತದೆ, ಜಾಕೆಟ್ ನಿಮ್ಮನ್ನು ಮೇಲೆ ಇಡುತ್ತದೆ.

ಪಕ್ಕೆಲುಬಿಗೆ ಪ್ಲಾಸ್ಟರ್ ಇಲ್ಲ, ರೆಸ್ಟ್ ಒಂದೇ ಔಷಧಿ ಅಂದರು ಡಾಕ್ಟರು. ಆರು ವಾರ ಮನೆಯಲ್ಲಿ ಕೂತೆ. ಹಾಗೆ ಕೂತಿದ್ದಾಗಲೇ, ಡಿಸೆಂಬರ್ 18ರಂದು ಮುಂಬೈ ಸುದ್ದಿ ಟಿವಿಯಲ್ಲಿ ಬಂತು. ಗೇಟ್‌ವೇ ಆಫ್ ಇಂಡಿಯಾದಿಂದ ಎಲಿಫೆಂಟಾಕ್ಕೆ ನೂರಕ್ಕೂ ಜಾಸ್ತಿ ಜನರನ್ನು ಕೂರಿಸಿಕೊಂಡು ಹೊರಟ ನೀಲ್ ಕಮಲ್ ಅನ್ನುವ ಬೋಟಿಗೆ ನೌಕಾಪಡೆಯ ಸ್ಪೀಡ್‌ಬೋಟ್ ಬಂದು ಗುದ್ದಿತ್ತು. ಹತ್ತಕ್ಕೂ ಜಾಸ್ತಿ ಜನ ಸತ್ತರು. ಆ ಸ್ಪೀಡ್‌ಬೋಟ್ ಮಾಡುತ್ತಿದ್ದದ್ದು ಎಂಜಿನ್ ಟ್ರಯಲ್. ಆ ಎರಡು ಪದ ಕೇಳಿದಾಗ ನನ್ನ ಕೈ ತಣ್ಣಗಾಯಿತು. ನಾನು ವಾರಕ್ಕೆ ಎರಡು ಸಲ ಮಾಡುವ ಕೆಲಸ ಅದೇ. "ಇನ್ನು ಮೇಲೆ ಜಾಕೆಟ್ ಇಲ್ದೆ ನೀರಿಗೆ ಇಳಿದ್ರೆ ವರ್ಕ್‌ಶಾಪಿಗೆ ಬೀಗ ಹಾಕ್ತೀನಿ" ಅಂದಳು ಹೆಂಡತಿ. ಅದೇನು ಸಿಟ್ಟಲ್ಲ, ಅಳು.

ಜನವರಿಯಲ್ಲಿ ಮಡಿಕೇರಿ, ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋದೆ. ಅಲ್ಲಿ ಬಂದರಿನ ಸುತ್ತ ಬಲೆ, ಹಗ್ಗ, ಬೋಟಿನ ಸಾಮಾನು ಮಾರುವ ಅಂಗಡಿಗಳಿವೆ. ನಾನು ಹೋದದ್ದು ಒಬ್ಬ ವಯಸ್ಸಾದ ಬ್ಯಾರಿಗಳ ಅಂಗಡಿಗೆ. ಲೈಫ್ ಜಾಕೆಟ್ ಬೇಕು ಅಂದ ಕೂಡಲೇ ಅವರು ತೆಗೆದು ಕೊಡಲಿಲ್ಲ. "ಎಂತಕ್ಕೆ? ಮೀನಿಗಾ, ಟೂರಿಸ್ಟಿಗಾ? ನಿಮ್ಮ ಬೋಟ್ ಎಷ್ಟು ಓಡ್ತದೆ?" ಅಂತ ಕೇಳಿದರು. ಗಂಟೆಗೆ 45, 50 ಕಿಲೋಮೀಟರ್ ಅಂದೆ. ಅದಕ್ಕೆ ಅವರು ಕೌಂಟರ್ ಮೇಲಿದ್ದ ಒಂದು ಜಾಕೆಟ್ ಪಕ್ಕಕ್ಕಿಟ್ಟು ಒಳಗೆ ಹೋದರು.

ಪಕ್ಕಕ್ಕಿಟ್ಟದ್ದು ಗಾಳಿ ತುಂಬಿಕೊಳ್ಳುವ ಜಾಕೆಟ್. ನೋಡಲು ಬಹಳ ಚಂದ. ಕುತ್ತಿಗೆಗೆ ಶಾಲು ಹಾಕಿದ ಹಾಗೆ ತೆಳ್ಳಗೆ ಇರುತ್ತದೆ. ಸೆಕೆ ಇಲ್ಲ, ಕೈ ಆಡಿಸಲು ಸಲೀಸು. ನೀರಿಗೆ ಬಿದ್ದರೆ ಒಳಗಿನ ಗುಳಿಗೆ ಕರಗಿ, ಸ್ಪ್ರಿಂಗ್ ಬಿಟ್ಟು, ಸಣ್ಣ ಸಿಲಿಂಡರಿನ ಕಾರ್ಬನ್ ಡೈಆಕ್ಸೈಡ್ ನುಗ್ಗಿ ಉಬ್ಬುತ್ತದೆ. 150 ನ್ಯೂಟನ್ ಜಾಕೆಟ್ಟಿಗೆ ಸಾಮಾನ್ಯವಾಗಿ 33 ಗ್ರಾಂ ಗ್ಯಾಸ್. ನಿಧಾನದ ಬೋಟಿಗೆ, ದೊಡ್ಡ ಹಡಗಿನ ಡೆಕ್ ಮೇಲೆ ಓಡಾಡುವವರಿಗೆ ಅದು ಒಳ್ಳೆಯದು. ವೇಗದ ಬೋಟಿಗೆ ಅಲ್ಲ. ಜೋರಾಗಿ ನೀರಿಗೆ ಅಪ್ಪಳಿಸುವ ಸಾಧ್ಯತೆ ಇರುವ ಕಡೆ, ಜೆಟ್ ಸ್ಕೀ ಅಂಥದ್ದರ ಮೇಲೆ ಇದು ಬೇಡ ಅಂತ ಅಮೆರಿಕದ ಕೋಸ್ಟ್ ಗಾರ್ಡ್ ಹೇಳುತ್ತದೆ. 16 ವರ್ಷದ ಒಳಗಿನವರಿಗೂ ಬೇಡ. ನೀರಿಗೆ ಬಿದ್ದ ಮೇಲೆ ಉಬ್ಬಲು ಅದಕ್ಕೆ ಕೆಲವು ಸೆಕೆಂಡು ಬೇಕು. ಅಪ್ಪಳಿಸುವ ಕ್ಷಣದಲ್ಲಿ ಎದೆ ಪಕ್ಕೆಗೆ ಅಡ್ಡ ಏನೂ ಇರುವುದಿಲ್ಲ. ಫೋಮ್ ಆದರೆ ಮೊದಲಿನಿಂದಲೇ ಮೈಮೇಲೆ ಇರುತ್ತದೆ.

ನಮ್ಮ ಕೊಡಗಿಗೆ ಇನ್ನೂ ಒಂದು ಕಾರಣ ಇದೆ. ಜೂನ್‌ನಿಂದ ಇಲ್ಲಿನ ಥಂಡಿ ನಿಮಗೆ ಗೊತ್ತೇ ಇದೆ. ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಸಲು ಬರುತ್ತದೆ, ಉಪ್ಪು ನೀರಾಗುತ್ತದೆ. ನನಗೆ ಗೊತ್ತಿರುವ ಒಬ್ಬ ತೋಟದ ಸಾಹುಕಾರರು ಅಂಥ ಗಾಳಿ ಜಾಕೆಟ್ ತರಿಸಿ ಜೀಪಿನ ಹಿಂದೆ ಇಟ್ಟಿದ್ದರು. ಜುಲೈ ತಿಂಗಳಲ್ಲಿ ಅದು ಒಂದು ರಾತ್ರಿ ತಾನೇ ಡಬ್ ಅಂತ ಉಬ್ಬಿ ನಿಂತಿತು. ಥಂಡಿಗೆ ಗುಳಿಗೆ ಮೆತ್ತಗಾಗಿತ್ತು. ಹೊಸ ಸಿಲಿಂಡರ್, ಹೊಸ ಗುಳಿಗೆ ಇಲ್ಲಿ ಎಲ್ಲಿ ಸಿಗಬೇಕು? ಒಮ್ಮೆ ಉಬ್ಬಿದ್ದನ್ನು ಹಾಗೇ ಮಡಚಿಟ್ಟು ಮತ್ತೆ ಹಾಕಿಕೊಂಡರೆ ಅದು ಬರೀ ಬಟ್ಟೆ.

ಒಳಗಿನಿಂದ ಅವರು ತಂದದ್ದು ಈ ಫೋಮ್ ಜಾಕೆಟ್. ನಾನು ನೀಲಿ ಬಣ್ಣ ಕೇಳಿದೆ, ಗ್ರೀಸ್ ಕಲೆ ಕಾಣುವುದಿಲ್ಲ ಅಂತ. "ಕಲೆ ಕಾಣದಿದ್ರೆ ನೀವೂ ಕಾಣುದಿಲ್ಲ. ಕೊಡಗಿನವರಿಗೆ ಕಿತ್ತಳೆ ಬೇಡ ಅಂದ್ರೆ ಹೇಗೆ ಮಾರಾಯ್ರೆ?" ಅಂದರು. ಸರಿಯಾದ ಮಾತು. ನೀರಿನ ಮೇಲೆ ಕಾಣುವುದು ಒಂದು ತಲೆ, ತೆಂಗಿನಕಾಯಿ ಗಾತ್ರ. ನೀಲಿ, ಕಪ್ಪು, ಹಸಿರು ನಮ್ಮ ಹಿನ್ನೀರಿನಲ್ಲಿ ಕರಗಿ ಹೋಗುತ್ತವೆ.

ಹಾಕಿಸಿ, ನಾಲ್ಕೂ ಪಟ್ಟಿ ಬಿಗಿ ಮಾಡಿಸಿ, ಎರಡೂ ಕೈ ಮೇಲೆತ್ತಿ ಅಂದರು. ಹಿಂದಿನಿಂದ ಭುಜದ ಹತ್ತಿರ ಹಿಡಿದು ಜೋರಾಗಿ ಮೇಲಕ್ಕೆ ಎಳೆದರು. ಮೊದಲ ಜಾಕೆಟ್ ನನ್ನ ಕಿವಿ ಮುಟ್ಟಿತು. "ಇದು ದೊಡ್ಡದಾಯ್ತು. ನೀರಿನಲ್ಲಿ ಮೂಗು ಮುಚ್ಚುತ್ತದೆ" ಅಂತ ತೆಗೆಸಿದರು. ಒಂದು ಸೈಜ್ ಚಿಕ್ಕದು ಕೊಟ್ಟರು. ಅದು ಗಲ್ಲದವರೆಗೂ ಬರಲಿಲ್ಲ. ಈ ಪರೀಕ್ಷೆಗೆ ದುಡ್ಡು ಬೇಡ, ನೀರು ಬೇಡ. ಆದರೆ ಹತ್ತು ವರ್ಷದಿಂದ ಬೋಟುಗಳ ಹತ್ತಿರ ಇರುವ ನನಗೆ ಅದನ್ನು ಯಾರೂ ತೋರಿಸಿರಲಿಲ್ಲ.

ಈಗ ಲೇಬಲ್. ಅದರಲ್ಲಿ ಮುಖ್ಯವಾಗಿ ಮೂರು ವಿಷಯ ನೋಡಿ. ಎಷ್ಟು ನ್ಯೂಟನ್, ಯಾವ ಸ್ಟ್ಯಾಂಡರ್ಡ್, ಎಷ್ಟು ತೂಕದವರಿಗೆ. 10 ನ್ಯೂಟನ್ ಅಂದರೆ ಸುಮಾರು ಒಂದು ಕಿಲೋ ಎತ್ತುವ ಶಕ್ತಿ. 50 ಅಂದರೆ ಐದು ಕಿಲೋ. 75 ಕಿಲೋ ಇರುವ ನನಗೆ ಐದು ಕಿಲೋ ಹೇಗೆ ಸಾಕು ಅಂತ ನಾನೂ ಕೇಳಿದ್ದೆ. ನೀರಿನೊಳಗೆ ನಮ್ಮ ತೂಕವನ್ನು ಬಹುಪಾಲು ನೀರೇ ಹೊರುತ್ತದೆ. ತಲೆಯನ್ನು ಮೇಲೆ ಇಡಲು ಬೇಕಾದ ಹೆಚ್ಚಿನ ಎತ್ತುವಿಕೆ ಕೆಲವೇ ಕಿಲೋ. ಸಮುದ್ರದ ಉಪ್ಪುನೀರು ಸ್ವಲ್ಪ ಭಾರ, ಹಾಗಾಗಿ ಜಾಸ್ತಿ ಎತ್ತುತ್ತದೆ. ನಮ್ಮ ಹಾರಂಗಿ, ಚಿಕ್ಲಿಹೊಳೆಯ ಸಿಹಿನೀರಿನಲ್ಲಿ ಅದೇ ಮನುಷ್ಯನಿಗೆ ಒಂದೂವರೆ ಕಿಲೋದಷ್ಟು ಕಮ್ಮಿ ಸಿಗುತ್ತದೆ. ಮಲ್ಪೆಯಲ್ಲಿ ತೇಲಿದವನು ಇಲ್ಲೂ ಹಾಗೇ ತೇಲುತ್ತೇನೆ ಅಂದುಕೊಳ್ಳಬಾರದು.

ಸ್ಟ್ಯಾಂಡರ್ಡ್ ವಿಷಯಕ್ಕೆ ಬಂದರೆ, ಐಎಸ್‌ಒ 12402 ಅನ್ನುವ ಸಂಖ್ಯೆ ನೋಡಿ. ಅದರ ಕೊನೆಗೆ 5 ಅಂತ ಇದ್ದರೆ 50 ನ್ಯೂಟನ್. 4 ಇದ್ದರೆ 100, 3 ಇದ್ದರೆ 150, 2 ಇದ್ದರೆ 275. ಇಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ. 50 ನ್ಯೂಟನ್ ಜಾಕೆಟ್ ಎಚ್ಚರ ಇರುವ, ಕೈಕಾಲು ಆಡಿಸಬಲ್ಲ, ಹತ್ತಿರದಲ್ಲಿ ಸಹಾಯ ಇರುವ ಮನುಷ್ಯನಿಗೆ. ಪ್ರಜ್ಞೆ ತಪ್ಪಿ ಮುಖ ಕೆಳಗಾಗಿ ಬಿದ್ದರೆ ಅದು ನಿಮ್ಮನ್ನು ಮಗುಚಿ ಮುಖ ಮೇಲೆ ಮಾಡುವುದಿಲ್ಲ. ಕುತ್ತಿಗೆಯ ಹಿಂದೆ ಕಾಲರ್ ಇರುವ 100, 150ರ ಜಾಕೆಟ್ ಆ ಕೆಲಸಕ್ಕೆ ಮಾಡಿದ್ದು. ನಾನು ಇದಕ್ಕೆ ಒಂದು ಅಂಕ ಕಡಿಮೆ ಕೊಟ್ಟದ್ದು ಇದೇ ಕಾರಣಕ್ಕೆ. 100ರ ಫೋಮ್ ಜಾಕೆಟ್ಟನ್ನೂ ಅಂಗಡಿಯಲ್ಲಿ ಹಾಕಿ ನೋಡಿದೆ. ಬಹಳ ದಪ್ಪ, ಎಂಜಿನ್ ಕಡೆ ಬಾಗಿ ತಿರುಗಿ ಕೆಲಸ ಮಾಡಲು ಆಗಲಿಲ್ಲ. ಅಡ್ಡ ಬರುತ್ತದೆ ಅಂತ ಮೂರನೇ ದಿನ ಬಿಚ್ಚಿಡುತ್ತೇನೆ ಅಂತ ನನಗೆ ನನ್ನ ಬಗ್ಗೆ ಗೊತ್ತಿತ್ತು. ಬಿಚ್ಚಿಟ್ಟ 100ಕ್ಕಿಂತ ಮೈಮೇಲಿರುವ 50 ಮೇಲು ಅಂತ ಇದನ್ನೇ ತಗೊಂಡೆ. ಅದಕ್ಕೆ ಪರಿಹಾರವಾಗಿ ಒಬ್ಬನೇ ಟ್ರಯಲ್‌ಗೆ ಹೋಗುವುದು ಬಿಟ್ಟಿದ್ದೇನೆ.

ಕೆಲವು ಜಾಕೆಟ್ ಮೇಲೆ ಗಂಟೆಗೆ 50 ಮೈಲಿ ವೇಗಕ್ಕೆ ಪರೀಕ್ಷೆ ಆಗಿದೆ ಅಂತ ಬರೆದಿರುತ್ತದೆ. ಅಂದರೆ ಸುಮಾರು 80 ಕಿಲೋಮೀಟರ್. ಆ ವೇಗದಲ್ಲಿ ನೀರಿಗೆ ಬಿದ್ದರೂ ಜಾಕೆಟ್ ಹರಿದು ಕಿತ್ತು ಹೋಗುವುದಿಲ್ಲ ಅಂತ ಅದರ ಅರ್ಥ. ನಿಮ್ಮ ಎಲುಬಿಗೆ ಏನೂ ಆಗುವುದಿಲ್ಲ ಅಂತ ಅಲ್ಲ. ವೇಗ ಎರಡರಷ್ಟಾದರೆ ಪೆಟ್ಟಿನ ಶಕ್ತಿ ನಾಲ್ಕರಷ್ಟು. ನಾಲ್ಕು ಪಟ್ಟಿ ಬೇಕಾಗುವುದು ಇದಕ್ಕೇ. ಒಂದು ಜಿಪ್, ಸೊಂಟಕ್ಕೆ ಒಂದು ದಾರ ಇರುವ ಜಾಕೆಟ್ 50 ಕಿಲೋಮೀಟರ್ ವೇಗದಲ್ಲಿ ನೀರು ನುಗ್ಗಿದಾಗ ತಲೆಯ ಮೇಲಿಂದ ಬನಿಯನ್ ತೆಗೆದ ಹಾಗೆ ಹೋಗುತ್ತದೆ. ಇಂಪ್ಯಾಕ್ಟ್ ವೆಸ್ಟ್ ಅಂತ ಇನ್ನೊಂದು ಬರುತ್ತದೆ, ಅದು ಪೆಟ್ಟು ತಡೆಯಲು ಮಾತ್ರ. ಲೈಫ್ ಜಾಕೆಟ್ ಸ್ಟ್ಯಾಂಡರ್ಡ್ ಲೇಬಲ್ ಇಲ್ಲದಿದ್ದರೆ ಅದನ್ನು ನಂಬಿ ನೀರಿಗೆ ಇಳಿಯಬೇಡಿ.

ಊರಿಗೆ ಬಂದು ನೇರ ಬೋಟಿಗೆ ಹತ್ತಲಿಲ್ಲ. ಸುಂಟಿಕೊಪ್ಪದ ಕಡೆ ನನ್ನ ಮಾವನ ತೋಟದಲ್ಲಿ ಕೆರೆ ಇದೆ. ಫೆಬ್ರವರಿಯಲ್ಲಿ ಕಾಫಿಗೆ ಹೂ ಬರಿಸಲು ಸ್ಪ್ರಿಂಕ್ಲರ್ ಹೊಡೆಯುವ ಮುಂಚೆ ಅದು ತುಂಬಿರುತ್ತದೆ. ಒಂದು ಭಾನುವಾರ ಕೆಲಸದ ಪ್ಯಾಂಟು, ಶೂ, ಜೇಬಲ್ಲಿ ಅದೇ ಎರಡು ಸ್ಪ್ಯಾನರ್ ಹಾಕಿಕೊಂಡೇ ಇಳಿದೆ. ಸೊಂಟಕ್ಕೆ ಕಟ್ಟಿದ ಹಗ್ಗದ ತುದಿ ಹಿಡಿದು ಹೆಂಡತಿ ಏರಿಯ ಮೇಲೆ ನಿಂತಿದ್ದಳು. "ಈ ಥಂಡೀಲಿ ಇದೇನಪ್ಪಾ, ಬಕೆಟ್ಟಿನಲ್ಲಿ ಅದ್ದಿ ನೋಡಿದ್ರೆ ಆಗಲ್ವಾ?" ಅಂದರು ಮಾವ. ಆಮೇಲೆ ಅವರೇ ಬಗ್ಗಿ ಬಗ್ಗಿ ನೋಡುತ್ತಿದ್ದರು.

ಪಟ್ಟಿ ಬಿಗಿ ಮಾಡಿದಾಗ ಬಾಯಿ ನೀರಿಗಿಂತ ನಾಲ್ಕು ಬೆರಳು ಮೇಲೆ ನಿಂತಿತು. ಕೈ ಕಾಲು ಆಡಿಸದೆ ಹತ್ತು ನಿಮಿಷ ಹಾಗೇ ಇದ್ದೆ. ಮೇಲಿನ ಎರಡು ಪಟ್ಟಿ ಸಡಿಲ ಮಾಡಿದೆ. ಜಾಕೆಟ್ ಕಿವಿಯವರೆಗೆ ಏರಿತು, ಬಾಯಿ ನೀರಿನ ಮಟ್ಟಕ್ಕೆ ಇಳಿಯಿತು. ಬರೀ ಎರಡು ಪಟ್ಟಿಯಿಂದ ಇಷ್ಟು ವ್ಯತ್ಯಾಸ. ಕಾಲಿನ ಮಧ್ಯೆ ಹಾಯಿಸಿ ಕಟ್ಟುವ ಪಟ್ಟಿ ಈ ಜಾಕೆಟ್ಟಿಗೆ ಬರುವುದಿಲ್ಲ. ನಾನು ಚಪ್ಪಲಿ ಹೊಲಿಯುವವರ ಹತ್ತಿರ 40 ಮಿಲಿಮೀಟರ್ ನೈಲಾನ್ ಪಟ್ಟಿಯಲ್ಲಿ ಬೇರೆ ಬೆಲ್ಟ್ ಮಾಡಿಸಿದೆ. ಜಾಕೆಟ್ಟಿನ ಬಟ್ಟೆಗೆ ಸೂಜಿ ಹಾಕಿಸಲಿಲ್ಲ, ಸೊಂಟದ ಪಟ್ಟಿಗೆ ಕೊಂಡಿ ಹಾಕುವ ಹಾಗೆ ಮಾಡಿಸಿದೆ. ಖರ್ಚು 180 ರೂಪಾಯಿ. ಅದು ಹಾಕಿದ ಮೇಲೆ ಹೆಂಡತಿ ಹಗ್ಗ ಎಳೆದರೂ, ನಾನು ಏರಿಯಿಂದ ಹಾರಿದರೂ ಜಾಕೆಟ್ ಜಾಗ ಬಿಡಲಿಲ್ಲ.

ಬಳಕೆಯ ವಿಷಯ. ಮಾರ್ಚ್, ಏಪ್ರಿಲ್‌ನಲ್ಲಿ ಸೆಕೆ ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಬೋಟು ಓಡುವಾಗ ಗಾಳಿ ಬರುವುದರಿಂದ ಪರವಾಗಿಲ್ಲ, ದಡದಲ್ಲಿ ಎಂಜಿನ್ ಬಿಚ್ಚುವಾಗ ಬೆವರು ಇಳಿಯುತ್ತದೆ. ಎಡ ಭುಜದ ಹತ್ತಿರ ಬಟ್ಟೆಯ ಅಂಚು ಕುತ್ತಿಗೆಗೆ ಉಜ್ಜುತ್ತಿತ್ತು, ಒಂದು ತಿಂಗಳಾದ ಮೇಲೆ ಮೆತ್ತಗಾಯಿತು. ಜೇಬು ಬಹಳ ಚಿಕ್ಕದು, ಫೋನ್ ಹಿಡಿಯುವುದಿಲ್ಲ. ಜೊತೆಗೆ ಬಂದ ಸೀಟಿ ಚೆನ್ನಾಗಿದೆ, ನೀರು ಹೊಕ್ಕರೂ ಊದಿದರೆ ಆಚೆ ದಡಕ್ಕೆ ಕೇಳುತ್ತದೆ. ಮುಂದೆ ಒಂದು ಗಟ್ಟಿ ಕೊಂಡಿ ಇದೆ. ಕಿಲ್ ಸ್ವಿಚ್ ಹಗ್ಗವನ್ನು ಅದಕ್ಕೇ ಸಿಕ್ಕಿಸುತ್ತೇನೆ. ಇದು ನನಗೆ ಬಹಳ ಇಷ್ಟವಾದ ವಿಷಯ. ಜಾಕೆಟ್ ಹಾಕದಿದ್ದರೆ ಹಗ್ಗಕ್ಕೆ ಜಾಗ ಇಲ್ಲ, ಹಗ್ಗ ಸಿಕ್ಕಿಸದೆ ಎಂಜಿನ್‌ಗೆ ಕೈ ಹಾಕುವುದಿಲ್ಲ. ಎರಡೂ ಒಂದೇ ಅಭ್ಯಾಸವಾಯಿತು.

ಒಂದು ಮಳೆಗಾಲ ಕಳೆದಿದೆ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸೋಣ ಅಂದಳು ಹೆಂಡತಿ. ಶಾಖಕ್ಕೆ ಫೋಮ್ ಕೆಡುತ್ತದೆ, ಬೇಡ ಅಂದೆ. ಹಾಲ್‌ನಲ್ಲಿ ಫ್ಯಾನಿನ ಕೆಳಗೆ ಹ್ಯಾಂಗರ್‌ಗೆ ನೇತು ಹಾಕಿದ್ದೆವು. ಹೊಲಿಗೆಯ ಹತ್ತಿರ ಸ್ವಲ್ಪ ಬೂಸಲು ಬಂದಿತ್ತು, ಸೋಪಿನ ನೀರಿನಲ್ಲಿ ಹೋಯಿತು. ಬಕಲ್ ಒಂದರ ಹಲ್ಲು ಬಿಳಿಚಿಕೊಂಡಿದೆ, ಅದನ್ನು ಬದಲಾಯಿಸಬೇಕು.

ಈ ಜಾಕೆಟ್ ಬಂದ ಮೇಲೆ ನಾನು ಬೇರೆಯವರ ಜಾಕೆಟ್ ನೋಡುವ ರೀತಿಯೇ ಬದಲಾಯಿತು. ಒಂದು ಕಡೆ ಎಂಜಿನ್ ಸರ್ವಿಸ್‌ಗೆ ಹೋದಾಗ ಅಲ್ಲಿನ ಹಳೆಯ ಜಾಕೆಟ್ ಪರೀಕ್ಷೆ ಮಾಡೋಣ ಅಂದೆ. ಅವರು ಒಪ್ಪಿದರು. ಕಾಳುಮೆಣಸು ತೂಗುವ 5 ಕಿಲೋದ ಕಬ್ಬಿಣದ ಬಟ್ಟು ತಂದೆವು. ನೀರಿನೊಳಗೆ ಅದು ಸುಮಾರು 4 ಕಿಲೋ 400 ಗ್ರಾಂನಷ್ಟು ಎಳೆಯುತ್ತದೆ. ಸರಿಯಾಗಿರುವ 50 ನ್ಯೂಟನ್ ಜಾಕೆಟ್ ಅದನ್ನು ಹೊತ್ತು ತೇಲಲೇಬೇಕು. ಜಾಕೆಟ್‌ಗಳನ್ನು ಮೊದಲು ಒಂದು ಗಂಟೆ ನೆನೆಯಲು ಬಿಟ್ಟೆವು, ಆಮೇಲೆ ಬಟ್ಟು ಕಟ್ಟಿ ಬಿಟ್ಟೆವು. ಹನ್ನೆರಡರಲ್ಲಿ ನಾಲ್ಕು ಮುಳುಗಿದವು. ನೋಡಲು ಎಲ್ಲವೂ ಒಂದೇ ತರ ಇದ್ದವು. ಮುಳುಗಿದ ನಾಲ್ಕೂ ಡ್ರೈವರ್‌ಗಳು ಕೂರುವ ಕಡೆಯವು. ವರ್ಷಗಟ್ಟಲೆ ಮೇಲೆ ಕೂತು ಕೂತು ಫೋಮ್ ಹಪ್ಪಳದ ಹಾಗೆ ಆಗಿತ್ತು. ನನ್ನ ಕಡೆ ಹುಡುಗ ಅವತ್ತು ಎಸೆದದ್ದು ಅಂಥದ್ದೇ ಒಂದು ಆಗಿದ್ದಿದ್ದರೆ ಅನ್ನುವ ಯೋಚನೆ ಬಂದು ಅಲ್ಲೇ ಸ್ವಲ್ಪ ಹೊತ್ತು ಕೂತೆ. ಆ ನಾಲ್ಕನ್ನೂ ಅವರು ಅಲ್ಲೇ ಕತ್ತರಿಸಿ ಹಾಕಿದರು. ಹಾಗೆ ಮಾಡಿದ್ದಕ್ಕೆ ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು. ಸುಮ್ನೆ ಮೂಲೆಗೆ ಎಸೆದರೆ ರಶ್ ಇರುವ ದಿನ ಯಾರೋ ಎತ್ತಿ ಯಾವುದೋ ಮಗುವಿಗೆ ಹಾಕಿಬಿಡುತ್ತಾರೆ.

ದುಬಾರೆಯಲ್ಲಿ, ಬರಪೊಳೆಯಲ್ಲಿ ರ‍್ಯಾಫ್ಟಿಂಗ್ ಮಾಡಿದವರಿಗೆ ಗೊತ್ತಿರುತ್ತದೆ. ಅಲ್ಲಿ ಗೈಡ್ ತಾನೂ ಜಾಕೆಟ್ ಹಾಕುತ್ತಾನೆ, ಹೆಲ್ಮೆಟ್ ಹಾಕುತ್ತಾನೆ, ನಿಮ್ಮ ಪಟ್ಟಿಯನ್ನೂ ಎಳೆದು ನೋಡುತ್ತಾನೆ. ನೀರು ಒಯ್ದಷ್ಟೇ ವೇಗದಲ್ಲಿ ಹೋಗುವ ರಬ್ಬರ್ ದೋಣಿಗೆ ಇಷ್ಟು ಶಿಸ್ತು ಇದೆ. ಅದಕ್ಕಿಂತ ಎಷ್ಟೋ ಪಟ್ಟು ವೇಗದ ಬೋಟ್ ಓಡಿಸುವವನು ಬರೀ ಟೀ ಶರ್ಟಿನಲ್ಲಿ ಕೂತಿರುತ್ತಾನೆ. ಹಿಂದೆ ಕೂತ ಎಲ್ಲರಿಗೂ ಜಾಕೆಟ್ ಕೊಟ್ಟಿರುತ್ತಾನೆ. ಅವನೇ ಬಿದ್ದರೆ ಆ ಜನರನ್ನು ದಡ ಸೇರಿಸುವವರು ಯಾರು? ಈ ಪ್ರಶ್ನೆಯನ್ನು ನಾನು ಈಗ ಎಲ್ಲ ಡ್ರೈವರ್ ಅಣ್ಣಂದಿರನ್ನೂ ಕೇಳುತ್ತೇನೆ. ಕೆಲವರಿಗೆ ಕೋಪ ಬರುತ್ತದೆ. "ನಾವು ಹುಟ್ಟಿದ್ದೇ ನೀರಿನ ಹತ್ರ" ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತಿದ್ದವನೇ, ಅದಕ್ಕೆ ಜಗಳ ಮಾಡುವುದಿಲ್ಲ. ಅಂಗಿ ಎತ್ತಿ ಪಕ್ಕೆ ತೋರಿಸುತ್ತೇನೆ.

ಪ್ರವಾಸಿಗರಿಗೂ ಒಂದು ಮಾತು. 2023ರ ಮೇ 7ರಂದು ಪಕ್ಕದ ಕೇರಳದ ತಾನೂರಿನಲ್ಲಿ ಟೂರಿಸ್ಟ್ ಬೋಟ್ ಮಗುಚಿ 22 ಜನ ಸತ್ತರು, ಅದರಲ್ಲಿ ಮಕ್ಕಳು ಎಷ್ಟೋ. ಅಮೆರಿಕದ ಕೋಸ್ಟ್ ಗಾರ್ಡ್ 2022ರ ಲೆಕ್ಕದಲ್ಲಿ, ಬೋಟ್ ಅಪಘಾತದಲ್ಲಿ ಮುಳುಗಿ ಸತ್ತವರ ಪೈಕಿ ಶೇಕಡಾ 85 ಜನ ಜಾಕೆಟ್ ಹಾಕಿರಲಿಲ್ಲ. ಹತ್ತುವ ಮುಂಚೆ ನಿಮ್ಮ ಜಾಕೆಟ್ಟಿನ ಭುಜ ಎಳೆದು ನೋಡಿ. ಕಿವಿಗೆ ಬಂದರೆ ಚಿಕ್ಕದು ಕೇಳಿ. ಫೋಟೋಗೆ ಚೆನ್ನಾಗಿ ಕಾಣುವುದಿಲ್ಲ ಅಂತ ಮಕ್ಕಳ ಪಟ್ಟಿ ಬಿಚ್ಚಬೇಡಿ, ಅದನ್ನು ನಾನು ಪ್ರತಿ ಭಾನುವಾರ ನೋಡುತ್ತೇನೆ. ದೊಡ್ಡವರ ಜಾಕೆಟ್ ಮಗುವಿಗೆ ಹಾಕುವುದೂ ಬೇಡ. ಮಗು ಅದರೊಳಗಿಂದ ಜಾರಿ ಕೆಳಗೆ ಹೋಗುತ್ತದೆ, ಜಾಕೆಟ್ ಮೇಲೆ ಉಳಿಯುತ್ತದೆ. ಆಮೇಲೆ ಡ್ರೈವರ್ ಕಡೆ ನೋಡಿ. ಅವನು ಹಾಕಿಲ್ಲದಿದ್ದರೆ "ಅಣ್ಣ, ನೀವೂ ಹಾಕ್ಕೊಳ್ಳಿ, ಆಮೇಲೆ ಹೊರಡೋಣ" ಅನ್ನಿ. ನಾನು ಹೇಳಿದರೆ ಕೇಳದವರು ಗಿರಾಕಿ ಹೇಳಿದರೆ ಕೇಳುತ್ತಾರೆ.

ಕಳೆದ ತಿಂಗಳು ಅಕ್ಕನ ಮಗನಿಗೂ ಇದೇ ಜಾಕೆಟ್ ತರಿಸಿದೆ. ಮಂಗಳೂರಿಗೆ ಫೋನ್ ಮಾಡಿದರೆ ಅದೇ ಬ್ಯಾರಿಗಳು ಎತ್ತಿದರು. ಹುಡುಗನ ತೂಕ ಎಷ್ಟು, ಎದೆ ಅಳತೆ ಎಷ್ಟು ಅಂತ ಕೇಳಿ ಬರೆದುಕೊಂಡರು. 54 ಕಿಲೋ ಅಂದೆ. ಒಂದು ಸೈಜ್ ಚಿಕ್ಕದು, ಎರಡು ಹೆಚ್ಚಿನ ಬಕಲ್ ಸೇರಿಸಿ ಬಸ್ ಪಾರ್ಸೆಲ್‌ನಲ್ಲಿ ಕಳಿಸಿದರು. ಮಾರನೇ ದಿನ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿತು. ಅವನು ಅಲ್ಲೇ ಬಿಚ್ಚಿ ಹಾಕಿಕೊಂಡು, ಕೈ ಎರಡೂ ಮೇಲೆತ್ತಿ ನಿಂತ. "ಮಾವ, ಎಳೆದು ನೋಡಿ" ಅಂದ. ಎಳೆದೆ. ಗಲ್ಲದವರೆಗೂ ಬರಲಿಲ್ಲ.